ಅನ್ನದ ಎಲುಬು

ಹೊಸಪೇಟೆಯ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಒಂದು ಮರದ ಬೆಂಚಿದೆ. ಅಲ್ಲಿ ಕೂತರೆ ಬಸ್ ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರುಗಳ ಕೂಗು ಕೇಳಿಸುತ್ತದೆ, ಒಳಗಿನಿಂದ ಲವಂಗದೆಣ್ಣೆಯ ವಾಸನೆ ಬರುತ್ತದೆ. ಮೊನ್ನೆ ಸೋಮವಾರ ನಾನು ಆ ಬೆಂಚಿನ ಮೇಲೆ ಕೂತಿದ್ದೆ. ಡಾಕ್ಟರು ದವಡೆಗೆ ಸೂಜಿ ಚುಚ್ಚಿ, ಜೋಮು ಹಿಡಿಯುವ ತನಕ ಹೊರಗೆ ಇರಿ ಎಂದು ಕಳಿಸಿದ್ದರು. ಸ್ವಲ್ಪ ಹೊತ್ತಿಗೆ ಬಲಗೆನ್ನೆ ನನ್ನದಲ್ಲ ಅನ್ನಿಸತೊಡಗಿತು. ಮುಟ್ಟಿ ನೋಡಿಕೊಂಡೆ. ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿತ್ತು. ಈ ಸೂಜಿ ಹಾಕಿಸಿಕೊಂಡವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಹಾಕಿಸಿಕೊಳ್ಳದವರು ಪುಣ್ಯವಂತರು.

ಸೂಜಿ ಚುಚ್ಚುವ ಮೊದಲು ಡಾಕ್ಟರು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದರು. ನಾನು ಏಳನೇ ಕ್ಲಾಸು ಓದಿದವಳು. ಕಪ್ಪು ಹಾಳೆಯಲ್ಲಿ ಬೆಳ್ಳಗೆ ಕಂಡದ್ದಕ್ಕೆಲ್ಲ ತಲೆಯಾಡಿಸಿದೆ. ಅವರು ಬೆರಳಿಟ್ಟು ಹೇಳಿದರು, "ಕೀಳೋದು ದೊಡ್ಡ ಮಾತಲ್ಲಮ್ಮ. ಕಿತ್ತ ಮ್ಯಾಲೆ ಆ ಗುಂಡಿ ಹಂಗ ಬಿಟ್ರ ಸುತ್ತಲಿನ ಎಲಬು ಕರಗ್ತದ. ಈಗ ಒಂದು ಪುಡಿ ಬಂದೈತಿ. ಗುಂಡಿಗೆ ತುಂಬಿ ಹೊಲಿಗಿ ಹಾಕಿದ್ರ ಎಲಬು ಉಳಿತದ. ಹಾಕ್ಲೋ ಬ್ಯಾಡೋ, ಕುಂತು ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡಲು ನನಗೆ ಕೊಟ್ಟ ಹೊತ್ತು ಕೆನ್ನೆ ಜೋಮು ಹಿಡಿಯುವಷ್ಟು. ಆದರೆ ಎಲುಬು ಕರಗುವ ಮಾತು ನನಗೆ ಹೊಸದಾಗಿರಲಿಲ್ಲ. ಇದೇ ಕೋಣೆಯಲ್ಲಿ, ಈ ಡಾಕ್ಟರ ತಂದೆ ಇದೇ ಮಾತನ್ನು ನಮ್ಮವರಿಗೆ ಹೇಳಿದ್ದನ್ನು ನಾನು ಈ ಬೆಂಚಿನ ಮೇಲೆ ಕೂತೇ ಕೇಳಿಸಿಕೊಂಡಿದ್ದೆ. ನಮ್ಮವರು ಎಂದರೆ ನನ್ನ ಗಂಡ. ಅವರಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗ ಬರೆಯಲಿಕ್ಕೂ ಕೈ ಬಾರದು. ಅವರು ಹೋದದ್ದು ಹೋದ ಕಾರ್ತೀಕದಲ್ಲಿ. ವರ್ಷ ತುಂಬುತ್ತ ಬಂತು.

ಅವರನ್ನು ನೆನೆಯುವಾಗ ನನಗೆ ಮೊದಲು ಬರುವುದು ಹಲ್ಲು. ಕಣ್ಣಲ್ಲ, ದನಿಯಲ್ಲ, ಹಲ್ಲು. ನನ್ನ ತವರು ಸಂಡೂರು. ಗುಡ್ಡದ ಕೆಂಪು ದೂಳಿನಲ್ಲಿ ಬೆಳೆದ ನಾನು ಕಂಪ್ಲಿಗೆ ಮದುವೆಯಾಗಿ ಬಂದಾಗ ಕಾಲುವೆಗೆ ನೀರು ಬಂದು ಹೆಚ್ಚು ವರ್ಷ ಆಗಿರಲಿಲ್ಲ. ಕಣ್ಣು ಹಾಯಿಸಿದ ಕಡೆಯೆಲ್ಲ ಗದ್ದೆ, ಕಬ್ಬು. ಮದುವೆಗೆ ಮುಂಚೆ ನನ್ನ ಅಣ್ಣಂದಿರು ಹುಡುಗನನ್ನು ನೋಡಲು ಬಂದಿದ್ದಾಗ ಇವರು ಹೊಲದಿಂದ ಕಬ್ಬಿನ ಜಲ್ಲೆ ಮುರಿದು ತಂದು, ಕುಡುಗೋಲು ಕೇಳದೆ, ಅಷ್ಟುದ್ದ ಸಿಪ್ಪೆಯನ್ನು ಹಲ್ಲಿನಲ್ಲೇ ಸರ್ರನೆ ಸುಲಿದು ಕೊಟ್ಟರಂತೆ. ಅಣ್ಣ ಮನೆಗೆ ಬಂದು, ಹೊಲ ಎಷ್ಟಿದೆಯೋ ನೋಡಲಿಲ್ಲ, ಹಲ್ಲು ಮಾತ್ರ ಗಟ್ಟಿ ಇವೆ ಎಂದ. ಅಷ್ಟರ ಮೇಲೆ ನನ್ನನ್ನು ಕೊಟ್ಟರು. ಹಾಗೆ ನೋಡಿದರೆ ನಾನು ಆ ಹಲ್ಲುಗಳಿಗೇ ಮದುವೆಯಾದವಳು.

ಮನೆಗೆ ಹೊಂದಿಕೊಂಡೇ ಇವರ ಸಣ್ಣ ರೈಸ್ ಮಿಲ್ಲು. ಭತ್ತಕ್ಕೆ ನಮ್ಮಲ್ಲಿ ನೆಲ್ಲು ಅನ್ನುತ್ತಾರೆ. ರೈತರು ಗಾಡಿಯಲ್ಲಿ ನೆಲ್ಲು ತಂದು ಇಳಿಸಿದಾಗ ಇವರು ಚೀಲದ ಆಳಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು ಬಲದವಡೆಗೆ ಇಟ್ಟು ಕಡಿಯುತ್ತಿದ್ದರು. ಕಟ್ ಎಂದು ಮುರಿದರೆ ಒಣಗಿದೆ ಎಂದು ಅರ್ಥ. ಸಪ್ಪಳವಿಲ್ಲದೆ ಚಪ್ಪಟೆಯಾದರೆ ಹಸಿ ಇದೆ, ಇನ್ನೂ ಬಿಸಿಲಿಗೆ ಹರವಬೇಕು. ಹಸಿ ನೆಲ್ಲನ್ನು ಮಿಲ್ಲಿಗೆ ಹಾಕಿದರೆ ಅಕ್ಕಿ ನುಚ್ಚಾಗುತ್ತದೆ, ರೈತನಿಗೂ ನಷ್ಟ, ನಮಗೂ ಹೆಸರು ಕೆಡುತ್ತದೆ. ಆಗ ಎಲ್ಲ ಮಿಲ್ಲಿನವರೂ ಹೀಗೇ ನೋಡುತ್ತಿದ್ದರು, ಇದರಲ್ಲಿ ವಿಶೇಷವೇನಿಲ್ಲ. ಆದರೆ ಇವರು ಕಡಿಯುವಾಗ ಕಣ್ಣು ಮುಚ್ಚುತ್ತಿದ್ದರು. ರೈತ ಎದುರಿಗೆ ಉಸಿರು ಹಿಡಿದು ನಿಂತಿರುತ್ತಿದ್ದ. ನಾನು ಬಾಗಿಲ ಸಂದಿಯಿಂದ ನೋಡಿ ನಗುತ್ತಿದ್ದೆ. ಅಷ್ಟು ಭಕ್ತಿ ದೇವರ ಮುಂದೆಯೂ ಇರುತ್ತಿರಲಿಲ್ಲ.

ಆ ಹಲ್ಲು ಒಂದೊಂದಾಗಿ ಅಲ್ಲಾಡತೊಡಗಿದಾಗ ಇವರಿಗೆ ನಲವತ್ತೈದು ಆಗಿರಲಿಕ್ಕಿಲ್ಲ. ಬೆಳಿಗ್ಗೆ ಬೇವಿನ ಕಡ್ಡಿ ಕೆಂಪಾಗುತ್ತಿತ್ತು. ನೆಲ್ಲಿನ ಮುಳ್ಳು ಒಸಡಿಗೆ ಹೊಕ್ಕಿದೆ ಎಂದು ತಮಗೆ ತಾವೇ ಔಷಧ ಮಾಡಿಕೊಂಡರು. ಎಲೆ, ಅಡಿಕೆ, ತಂಬಾಕು ಮಾತ್ರ ಬಿಡಲಿಲ್ಲ. ಕಡೆಗೆ ಕೆನ್ನೆಗೆ ಬಾವು ಬಂದು ಒಂದು ಕಣ್ಣೇ ಮುಚ್ಚಿಹೋದಾಗ ಇಬ್ಬರೂ ಹೊಸಪೇಟೆಯ ಬಸ್ಸು ಹತ್ತಿದೆವು. ಹಿರಿಯ ಡಾಕ್ಟರದು ಆಗ ಕಾಲಿನಲ್ಲಿ ತುಳಿದು ಹಲ್ಲು ಕೊರೆಯುವ ಯಂತ್ರ, ನಮ್ಮ ಹೊಲಿಗೆ ಮೆಷಿನ್ನಿನ ಹಾಗೆ. ಒಸಡು ಪೂರಾ ಕೊಳೆತಿದೆ, ಒಂದೂ ಉಳಿಯುವುದಿಲ್ಲ ಎಂದರು. ಎರಡು ಮೂರು ತಿಂಗಳಲ್ಲಿ ಎಲ್ಲವನ್ನೂ ತೆಗೆದರು.

ಕೊನೆಯ ಹಲ್ಲು ಕಿತ್ತ ದಿನ ನಮ್ಮವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹಗುರಾದ ಮನುಷ್ಯನಂತೆ ಮಾತಾಡಿದರು. ನೋವು ಹೋಯಿತು, ಇನ್ನು ಕಟ್ಟಿಸಿದ ಹಲ್ಲು ಹಾಕಿಕೊಂಡರೆ ಮುಗಿಯಿತು ಎಂದು. ಡಾಕ್ಟರು ತಡೆದರು. ಹಲ್ಲು ಹೋದ ಮೇಲೆ ಎಲುಬೂ ನಿಧಾನಕ್ಕೆ ಸವೆಯುತ್ತದೆ, ಕೆಳಗಿನ ದವಡೆ ಇನ್ನೂ ಜಲ್ದಿ, ಆಗಾಗ ಬಂದು ಕಟ್ಟಿಸಿದ ಹಲ್ಲಿನ ಸೆಟ್ಟು ಸರಿ ಮಾಡಿಸಿಕೊಳ್ಳಬೇಕು ಎಂದರು. ನಮ್ಮವರಿಗೆ ನಗು.

"ಎಲಬು ಎಲ್ಲಿಗೆ ಹೋಗ್ತೈತ್ರಿ ಡಾಕ್ಟರ? ಹಂಪಿ ಗುಂಡು ಇದ್ದಂಗ ಐತಿ."

"ಸಾವ್ಕಾರ್ರ, ನೀವು ಗದ್ದಿ ಮಾಡಿದೋರು. ಬದುವಿನ ಮ್ಯಾಲೆ ಗಿಡ ಇರೋ ತನಕ ಬದುವು ನಿಂದರ್ತದ. ಗಿಡ ಬೇರುಸಹಿತ ಕಿತ್ತು ನೋಡ್ರಿ. ಎರಡು ಬೆಳಿ ನೀರು ಹಾಯೋದ್ರಾಗ ಬದುವು ಇರಂಗಿಲ್ಲ."

ಈ ಮಾತು ಅವರಿಗೆ ತಿಳಿಯಿತು. ಆದರೆ ತಿಳಿಯುವುದು ಬೇರೆ, ಸುಗ್ಗಿ ಬಿಟ್ಟು ಹೊಸಪೇಟೆಗೆ ಹೋಗುವುದು ಬೇರೆ. ಕಾಲುವೆಯಲ್ಲಿ ಎರಡು ಬೆಳೆ, ಮಿಲ್ಲಿಗೆ ಬಿಡುವೇ ಇಲ್ಲ. ಮೇಲಿನ ಸೆಟ್ಟು ಹಾಕಿಕೊಂಡರು, ಕೆಳಗಿನದು ಚುಚ್ಚುತ್ತದೆ ಎಂದು ಗೋಡೆಯ ಗೂಡಿನಲ್ಲಿ ಗಾಜಿನ ಲೋಟದ ನೀರಿಗೆ ಹಾಕಿಟ್ಟರು. ಸಂಜೆ ದೀಪ ಹಚ್ಚಲು ಹೋದಾಗಲೆಲ್ಲ ಆ ಕೆಳದವಡೆ ಲೋಟದೊಳಗಿಂದ ನನ್ನನ್ನು ನೋಡಿ ನಗುತ್ತಿತ್ತು. ಮೊದಮೊದಲು ಹೆದರಿಕೆ, ಆಮೇಲೆ ನಾನೂ ನಗತೊಡಗಿದೆ.

ಚುಚ್ಚಿದರೂ ಕೆಳಗಿನದನ್ನೂ ಹಾಕಿಕೊಂಡರೆ ಕಟ್ಟಿಸಿದ ಹಲ್ಲಿನಲ್ಲಿ ರೊಟ್ಟಿ ಮುರಿಯಬಹುದು, ಜನರೆದುರು ನಗಬಹುದು. ನೆಲ್ಲು ಕಡಿದರೆ ಮಾತ್ರ ಏನೂ ತಿಳಿಯುವುದಿಲ್ಲ. ಕಾಳು ಮುರಿಯಿತೋ ಜಾರಿತೋ ಎಂಬ ಸುದ್ದಿ ಎಲುಬಿನ ತನಕ ಹೋಗುವುದೇ ಇಲ್ಲ. ಕೈಗವಸು ಹಾಕಿಕೊಂಡು ನಾಡಿ ನೋಡಿದ ಹಾಗೆ ಎಂದು ಇವರೇ ಹೇಳುತ್ತಿದ್ದರು. ಒಮ್ಮೆ ಹಸಿ ನೆಲ್ಲನ್ನು ಒಣಗಿದೆ ಎಂದು ಹೇಳಿ ಒಬ್ಬ ರೈತನ ಅಕ್ಕಿಯೆಲ್ಲ ನುಚ್ಚಾಯಿತು. ಅವನು ಏನೂ ಅನ್ನಲಿಲ್ಲ. ಅವನು ಅನ್ನದೆ ಹೋದದ್ದೇ ಇವರಿಗೆ ಊಟ ಸೇರದ ಹಾಗೆ ಮಾಡಿತು.

ಮರುದಿನ ಗಾಡಿ ಬಂದು ನಿಂತಾಗ ಇವರು ನೀರು ಬೇಕು ಎನ್ನುತ್ತ ಒಳಗೆ ಬಂದರು. ನಾನು ತಂಬಿಗೆ ಕೊಟ್ಟೆ. ಅವರು ತಂಬಿಗೆ ತೆಗೆದುಕೊಳ್ಳದೆ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ನಾಲ್ಕು ಕಾಳು.

"ಕಡಿ."

"ನಾನಾ?"

"ಮತ್ಯಾರು? ಬಲಗಡಿ ಇಟ್ಟು ಕಡಿ. ಕಣ್ಣು ಮುಚ್ಚು."

ಕಡಿದೆ. ಕಟ್ ಎಂದಿತು. ಅವರು ಕಿವಿ ನನ್ನ ಕೆನ್ನೆಯ ಹತ್ತಿರ ತಂದಿದ್ದರು. ಇನ್ನೊಂದು ಎಂದರು. ಇನ್ನೊಂದೂ ಕಟ್ ಎಂದಿತು. ಹೊರಗೆ ಹೋಗಿ, ನೆಲ್ಲು ಒಣಗಿದೆ, ಇಳಿಸಿರಿ ಎಂದು ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಅವತ್ತಿನಿಂದ ಹದಿನೈದು ಇಪ್ಪತ್ತು ವರ್ಷ ಆ ಮಿಲ್ಲಿನ ಹಲ್ಲು ನನ್ನದು. ಮೊದಮೊದಲು ನಾನೂ ತಪ್ಪುತ್ತಿದ್ದೆ. ಬರಬರುತ್ತ ಯಾವ ಕಾಳು ಮಂಜಿಗೆ ಮೆತ್ತಗಾದದ್ದು, ಯಾವುದು ನಿಜಕ್ಕೂ ಹಸಿ ಎಂಬುದು ತಿಳಿಯತೊಡಗಿತು. ರೈತರಲ್ಲಿ ಒಂದು ಮಾತು ಹುಟ್ಟಿಕೊಂಡಿತು. ಸಾವ್ಕಾರರಿಗೆ ಸಕ್ಕರೆ ಕಾಯಿಲೆ ಇರಬೇಕು, ಗಾಡಿ ಬಂದಾಗೊಮ್ಮೆ ನೀರು ಕುಡಿಯಲು ಒಳಗೆ ಹೋಗುತ್ತಾರೆ ಎಂದು. ಆಮೇಲೆ ನಿಜವಾಗಿಯೂ ಸಕ್ಕರೆ ಕಾಯಿಲೆ ಬಂತು. ರೈತರ ಬಾಯಿಂದ ಬಂದದ್ದು ಸುಳ್ಳಾಗುವುದಿಲ್ಲ ಎಂದು ಇವರು ನಕ್ಕರು.

ಡಾಕ್ಟರು ಹೇಳಿದ ಬದುವಿನ ಕತೆಯನ್ನು ನಾನು ಇವರ ಮುಖದಲ್ಲಿ ಓದಿದೆ. ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ. ಮಗನ ಮದುವೆಯಲ್ಲಿ ತೆಗೆಸಿದ ಫೋಟೋವನ್ನು ನಮ್ಮ ಮದುವೆಯ ಫೋಟೋದ ಪಕ್ಕ ಮೊಳೆಗೆ ಹಾಕಿದ ದಿನ ಗೊತ್ತಾಯಿತು. ಕೆನ್ನೆ ಒಳಗೆ ಹೋಗಿತ್ತು, ಗದ್ದ ಮೇಲಕ್ಕೆ ಮೂಗಿನ ಕಡೆಗೆ ಬಂದಿತ್ತು. ಕೆಳಗಿನ ಸೆಟ್ಟು ಈಗ ಬೇಕು ಎಂದರೂ ಕೂರಲು ಜಾಗವಿರಲಿಲ್ಲ. ಹೊಸದು ಮಾಡಿಸಿದೆವು, ಅದೂ ಎರಡು ವರ್ಷದಲ್ಲಿ ಸಡಿಲ. ಒಂದು ಸಲ ಮಿಲ್ಲಿನಲ್ಲಿ ಸೀನಿದಾಗ ಕೆಳಗಿನ ಸೆಟ್ಟು ಹಾರಿ ನೆಲ್ಲಿನ ರಾಶಿಯೊಳಗೆ ಬಿತ್ತು. ಬಾಯಿಗೆ ಹೆಗಲ ಮೇಲಿನ ವಲ್ಲಿ ಅಡ್ಡ ಹಿಡಿದು, ಉಂಗುರ ಬಿದ್ದಿದೆ ಎಂದು ಸನ್ನೆ ಮಾಡಿದರು. ಹೆಣ್ಣಾಳುಗಳೆಲ್ಲ ಮೊರ ಹಿಡಿದು ರಾಶಿ ಜಾಲಾಡಲು ಕೂತರು. ನಾನೂ ಕೂತೆ. ನನ್ನ ಪುಣ್ಯಕ್ಕೆ ನನ್ನ ಮೊರಕ್ಕೇ ಬಂತು. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದೆ. ಉಂಗುರ ಸಿಕ್ಕಿತಂತೆ ಎಂದು ಆಳುಗಳು ಸಂತೋಷಪಟ್ಟರು. ನಮ್ಮವರ ಬೆರಳಲ್ಲಿ ಎಂದೂ ಉಂಗುರ ಇದ್ದದ್ದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಆ ದಿನ ರಾಶಿಯಲ್ಲಿ ಸಿಕ್ಕ ಹಲ್ಲನ್ನು ತೊಳೆಯುತ್ತ ನನಗೊಂದು ಉಪಾಯ ಹೊಳೆಯಿತು. ಹೊಸ ಅಕ್ಕಿಯ ಅನ್ನ ಅಂಟು, ಹಳೆಯದು ಉದುರು. ಅಕ್ಕಿಯವರ ಮನೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ಲಕೋಟೆ ಅಂಟಿಸಲು ನಾವು ಅನ್ನವನ್ನೇ ಬಳಸುತ್ತಿದ್ದೆವು. ಹೊಸ ಅಕ್ಕಿಯ ಒಂದು ಹಿಡಿ ಅನ್ನವನ್ನು ಮೆತ್ತಗೆ ಬೇಯಿಸಿ, ಬೆರಳಲ್ಲಿ ಬೆಣ್ಣೆಯಂತೆ ನಾದಿ, ಸೆಟ್ಟಿನ ಒಳಮೈಗೆ ಸವರಿ ಕೊಟ್ಟೆ. ಬಾಯಿಗೆ ಇಟ್ಟು ಒತ್ತಿಕೊಂಡರು. ಕೂತಿತು. ದವಡೆ ಕರಗಿ ಖಾಲಿಯಾದ ಜಾಗವನ್ನು ಅನ್ನ ತುಂಬಿತು. ಕನ್ನಡಿ ನೋಡಿಕೊಂಡು ಕೆನ್ನೆ ಮುಟ್ಟಿದರು. ಫೋಟೋದ ಕಡೆ ಒಮ್ಮೆ ನೋಡಿದರು. ಮಧ್ಯಾಹ್ನದವರೆಗೆ ಹಿಡಿಯುತ್ತಿತ್ತು, ಆಮೇಲೆ ಕರಗುತ್ತಿತ್ತು. ದಿನಾ ಬೆಳಿಗ್ಗೆ ಹೊಸ ಎಲುಬು. ಹೊಸ ಅಕ್ಕಿ ತೀರಿದ ದಿನಗಳಲ್ಲಿ ಹಳೆಯದನ್ನೇ ಎರಡು ಸಲ ಬೇಯಿಸುತ್ತಿದ್ದೆ, ಆದರೆ ಅದು ಚಹಾ ಕುಡಿಯುವ ತನಕ ಉಳಿದರೆ ಹೆಚ್ಚು.

ನಡುವೆ ಇವರ ಅಣ್ಣ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಕೊನೆಗೆ ಮಣ್ಣಿಗೆ ಇಡುವುದೂ ಹಾಗೆ ಕೂರಿಸಿಯೇ. ಹೀಗಾಗಿ ಬಂದವರೆಲ್ಲ ಮುಖವನ್ನು ಎದುರಿಗೇ ನೋಡುತ್ತಾರೆ, ಮಾತಾಡಿಸಲು ಬಂದವರ ಹಾಗೆ. ಭಾವನವರ ಬಾಯಲ್ಲೂ ಹಲ್ಲಿರಲಿಲ್ಲ. ಗದ್ದಕ್ಕೆ ಎಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೂ ದವಡೆ ಒಳಗೆ ಕುಸಿದು, ಮುಖ ಮುದುಡಿದ ಚೀಲದಂತಾಗಿತ್ತು. ಚಿಕ್ಕ ಮಕ್ಕಳು ಹೆದರಿ ಅತ್ತವು. ಎಲ್ಲಿಂದಲೋ ಬಂದ ಒಬ್ಬ ರೈತ ಹೊಸ್ತಿಲಲ್ಲಿ ನಿಂತು, ತಾನು ಬೇರೆ ಮನೆಗೆ ಬಂದೆನೇನೋ ಎಂದು ಕೇಳಿದ.

ಆ ಮಾತು ನಮ್ಮವರ ಎದೆಗೆ ತಾಗಿತ್ತು. ಮಣ್ಣು ಮುಗಿಸಿ ಬಂದ ಸಂಜೆ ಅಂಗಳದಲ್ಲಿ ಕೂತು ಹೇಳಿದರು, "ಕೇಳಿಲ್ಲಿ. ನಾ ಹೋದಾಗ ನನ್ನ ಹಲ್ಲು ಹಾಕಿ ಕುಂದ್ರಸಬೇಕು ನೀನು. ಬಂದೋರು ನನ್ನ ಗುರ್ತು ಹಿಡೀಬೇಕು. ಯಾರ ಮನಿಗೆ ಬಂದ್ವಿ ಅಂತ ಯಾರೂ ಕೇಳಬಾರ್ದು."

ನಾನು ಮಾತು ತಿರುಗಿಸಿದೆ. ನಾನೇ ಮೊದಲು ಹೋದರೆ ಯಾರು ಹಾಕುತ್ತಾರೆ ಎಂದೆ.

"ನೀ ಹೋಗಂಗಿಲ್ಲ. ನಿನ್ನ ಹಲ್ಲು ಇನ್ನ ಗಟ್ಟಿ ಅದಾವ."

ಹಾಗೆಂದರೂ ಅವರಿಗೆ ಧೈರ್ಯವಿರಲಿಲ್ಲ. ಸೆಟ್ಟು ಕೂರದಿದ್ದರೆ ಎಂಬ ಚಿಂತೆ. ಮುಂದಿನ ವಾರ ತಾವೇ ಹೊಸಪೇಟೆಗೆ ಹೊರಡೋಣ ಎಂದರು, ಎಂದೂ ಹಾಗೆ ಹೊರಟವರಲ್ಲ. ಹಿರಿಯ ಡಾಕ್ಟರು ನೋಡಿ, ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರು ಬರುತ್ತಾರೆ, ಅವರಿಗೆ ತೋರಿಸಿರಿ ಎಂದರು. ತೋರಿಸಿದೆವು. ಕೆಳದವಡೆ ಪೆನ್ಸಿಲ್ಲಿನಷ್ಟು ಸಣ್ಣಗಾಗಿದೆ, ಹೀಗೇ ಬಿಟ್ಟರೆ ಜೋರಾಗಿ ಏನಾದರೂ ತಾಗಿದಾಗ ಮುರಿಯಲೂಬಹುದು ಎಂದು ಹುಬ್ಬಳ್ಳಿಯವರು ಹೇಳಿದರು. ಅದರ ಮೇಲೆ ಎಲುಬು ಕಟ್ಟಬಹುದಂತೆ. ಎಲುಬು ಎಲ್ಲಿಂದ ತರುತ್ತೀರಿ ಎಂದು ನಮ್ಮವರು ಅಕ್ಕಿ ವ್ಯಾಪಾರದ ದನಿಯಲ್ಲಿ ಕೇಳಿದರು. ಡಾಕ್ಟರೂ ಅದೇ ದನಿಯಲ್ಲಿ ಒಂದೊಂದೇ ಬಿಚ್ಚಿಟ್ಟರು. ಸತ್ತವರು ದಾನ ಮಾಡಿದ ಎಲುಬು ಪರದೇಶದಲ್ಲಿ ಸಿಗುತ್ತದೆ, ಇಲ್ಲಿಗೆ ಬರುವುದು ಕಷ್ಟ. ದನದ ಎಲುಬನ್ನು ಶುದ್ಧಮಾಡಿದ ಪುಡಿ ಇದೆ. ಸುಣ್ಣದಂಥ ವಸ್ತುವಿನಿಂದ ಮಾಡಿದ ಪುಡಿಯೂ ಇದೆ, ಆದರೆ ಇಷ್ಟು ಸವೆದ ದವಡೆಗೆ ಪುಡಿ ಒಂದೇ ಸಾಲದು. ಎಲ್ಲಕ್ಕಿಂತ ಒಳ್ಳೆಯದು ಅವರವರದೇ ಎಲುಬು. ಸೊಂಟದಿಂದ ಒಂದು ತುಂಡು ತೆಗೆದು ದವಡೆಗೆ ಕೂರಿಸಿ, ಅದು ಹತ್ತಿಕೊಳ್ಳುವ ತನಕ ತಿಂಗಳುಗಟ್ಟಲೆ ಕಾಯಬೇಕು.

ದನದ ಮಾತು ಬಂದಾಗಲೇ ನಮ್ಮವರ ಕೈ ಕೊರಳಿನ ಲಿಂಗದ ಮೇಲೆ ಹೋಗಿತ್ತು. ಸತ್ತವರ ಎಲುಬಿನ ಮಾತಿಗೆ ಸ್ವಲ್ಪ ಯೋಚಿಸಿ, ಪಾಪ, ಯಾರೋ ಏನೋ, ಅವರಿಗೇ ಇರಲಿ ಎಂದರು. ಸೊಂಟದ ಮಾತಿಗೆ ಕೂತಲ್ಲೇ ಒಮ್ಮೆ ಹಂದಾಡಿ, ತಮ್ಮ ಸೊಂಟವನ್ನು ಕೈಯಿಂದ ಮುಟ್ಟಿ ನೋಡಿಕೊಂಡರು.

"ಕುಂದ್ರೋ ಎಲಬು ತಗದು ತಿನ್ನೋ ಎಲಬಿಗೆ ಹಚ್ಚೋದೇನ್ರಿ? ಕಡೀಕ ಕುಂದ್ರೋದ ಐತಲ್ರಿ ನಮಗ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಸಕ್ಕರೆ ಬೇರೆ ಹೆಚ್ಚಿತ್ತು, ಗಾಯ ಮಾಯುವ ಭರವಸೆ ಇಲ್ಲ, ನಾನಾಗಿ ಒತ್ತಾಯ ಮಾಡುವುದಿಲ್ಲ ಎಂದು ಡಾಕ್ಟರೂ ಹೇಳಿದರು. ಎದ್ದು ಬಂದೆವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಮ್ಮವರು ಬಹಳ ಹೊತ್ತು ಕಾಲುವೆಯನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ನಿನ್ನ ಅನ್ನವೇ ಸಾಕು, ಆ ಹೊತ್ತಿಗೆ ಮಾತ್ರ ಮರೆಯಬೇಡ ಎಂದರು.

ಮರೆಯುವುದೆಲ್ಲಿ ಬಂತು. ಅಂದಿನಿಂದ ನನಗೆ ಗೂಡಿನ ಲೋಟದ ಮೇಲೆ ಒಂದು ಕಣ್ಣು, ಅಕ್ಕಿಯ ಗುಡಾಣದ ಮೇಲೆ ಒಂದು ಕಣ್ಣು. ಅವರು ಮಾತ್ರ ಹೇಳಿ ಹಗುರಾಗಿ ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಬದುಕಿದರು.

ಹೋದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಹಲ್ಲು ಹಾಕಿಕೊಳ್ಳುವ ಮೊದಲೇ ಹೋದರು. ಚಹಾ ತರಲು ಒಳಗೆ ಹೋದವಳು ಬರುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮಾತಾಡಲಿಲ್ಲ. ಅಷ್ಟೇ. ಇದರ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಮಠದ ಅಯ್ಯನವರು ಬಂದರು, ಸ್ನಾನವಾಯಿತು, ವಿಭೂತಿಯಾಯಿತು. ರುಮಾಲು ಸುತ್ತುವಾಗ ನಾನು ಎದ್ದು ಲೋಟ ತಂದೆ. ಮಗ ಸೆಟ್ಟು ತೆಗೆದುಕೊಂಡು ಬಾಯಿಗೆ ಇಟ್ಟ. ಮೇಲಿನದು ಹೇಗೋ ನಿಂತಿತು, ಕೆಳಗಿನದು ಜಾರಿ ಎದೆಯ ಮೇಲೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಇಷ್ಟು ವರ್ಷ ಅನ್ನ ಹಿಡಿದಿಟ್ಟದ್ದನ್ನು ನಾನು ಬಲ್ಲೆ, ಅವನೇನು ಬಲ್ಲ. ನನ್ನ ಮೈದುನ ಮೆತ್ತಗೆ, ಬಿಡು, ಇನ್ನೇಕೆ ಹಲ್ಲು, ಮಣ್ಣಿನೊಳಗೆ ಏನು ಕಡಿಯುವುದಿದೆ ಎಂದ. ಹೊರಗೆ ರೈತರು ಆಗಲೇ ಬರತೊಡಗಿದ್ದರು. ಚಪ್ಪಲಿ ಬಿಡುವ ಸಪ್ಪಳ ಕೇಳಿಸುತ್ತಿತ್ತು.

ನನಗೆ ಅನ್ನ ಬೇಕಾಗಿತ್ತು. ಹೆಣ ಎತ್ತುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೀಲಮ್ಮ ನನ್ನ ಪಕ್ಕದಲ್ಲೇ ಕೂತು ಬೆನ್ನು ಸವರುತ್ತಿದ್ದಳು. ಅವಳದು ಎದುರು ಓಣಿಯ ಮನೆ, ನನ್ನ ಓರಗೆಯವಳು. ಅವಳ ಕಿವಿಯಲ್ಲಿ ಕೇಳಿದೆ, "ನೀಲಾ, ನಿಮ್ಮನ್ಯಾಗ ಅನ್ನ ಮಾಡೀರೇನು?"

ಅವಳ ಕೈ ನನ್ನ ಬೆನ್ನ ಮೇಲೆ ನಿಂತಿತು. "ಹುಡುಗ್ರಿಗಂತ ಮಾಡೇವಿ. ಯಾಕವ್ವಾ?"

"ಹೊಸ ಅಕ್ಕೀದೋ ಹಳೇದೋ?"

ಹಿಂದೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನನ್ನು ಇನ್ನೂ ಎತ್ತಿಲ್ಲ, ಇವಳು ಅನ್ನ ಕೇಳುತ್ತಿದ್ದಾಳೆ, ಅದರಲ್ಲೂ ಹೊಸ ಅಕ್ಕಿಯದೇ ಆಗಬೇಕಂತೆ. ಯಾರೋ ಅಯ್ಯೋ ಎಂದರು. ಯಾರೋ, ತಲೆಗೆ ಏರಿದೆ, ಗಾಳಿ ಹಾಕಿರಿ ಎಂದರು. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ, ಅವತ್ತು ಮಾತ್ರ ಬಿಡಿಸಿ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಇಷ್ಟು ವರ್ಷ ಇಬ್ಬರೇ ಇಟ್ಟುಕೊಂಡದ್ದನ್ನು ಓಣಿಗೆಲ್ಲ ಹೇಳಿದ ಹಾಗೆ. ನೀಲಮ್ಮ ಏನು ತಿಳಿದಳೋ, ಎದ್ದು ಹೋಗಿ ಒಂದು ಬಟ್ಟಲಲ್ಲಿ ಬಿಸಿ ಅನ್ನ ತಂದಳು. ಹೊಸ ಅಕ್ಕಿಯದು, ಸುಗ್ಗಿ ಆಗಷ್ಟೇ ಶುರುವಾಗಿತ್ತು. ಅನ್ನದ ಪಕ್ಕ ಒಂದು ಚೂರು ಉಪ್ಪಿನಕಾಯಿಯನ್ನೂ ಇಟ್ಟಿದ್ದಳು. ಹಸಿದವಳಿಗೆಂದು ತಂದದ್ದು ಅದು. ಆ ಉಪ್ಪಿನಕಾಯಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಬಟ್ಟಲು ಹಿಡಿದು ಅವರ ಮುಂದೆ ಕೂತೆ. ಗಂಡಸರು ಸರಿದು ಜಾಗ ಬಿಟ್ಟರು. ಉಪ್ಪಿನಕಾಯಿ ತಾಗದ ಕಡೆಯಿಂದ ಅನ್ನ ತೆಗೆದು, ದಿನಾ ನಾದಿದ ಹಾಗೆಯೇ ನಾದಿದೆ. ಸೆಟ್ಟಿನ ಒಳಮೈಗೆ ಸವರಿದೆ. ಆ ದಿನ ಸ್ವಲ್ಪ ಹೆಚ್ಚೇ ಹಾಕಿದೆ, ಸಂಜೆಯ ತನಕ ಹಿಡಿಯಲಿ ಎಂದು. ದವಡೆ ತಣ್ಣಗಿತ್ತು, ಅನ್ನ ಬಿಸಿಯಿತ್ತು. ಒತ್ತಿ ಹಿಡಿದುಕೊಂಡೆ. ಅಯ್ಯನವರು ಮಂತ್ರ ನಿಲ್ಲಿಸಿ ಕಾದರು. ಕೈ ಬಿಟ್ಟಾಗ ಹಲ್ಲು ನಿಂತಿತು. ಗದ್ದದ ಕೆಳಗಿನಿಂದ ಬಟ್ಟೆ ಕಟ್ಟಿದರು. ಕೆನ್ನೆ ತುಂಬಿ ಬಂತು.

ಹೊಸ್ತಿಲಲ್ಲಿ ನಿಂತಿದ್ದ ಒಬ್ಬ ಮುದಿ ರೈತ ಒಳಗೆ ಬಂದು ಅವರ ಮುಂದೆ ಕೂತ. ಬಹಳ ಹೊತ್ತು ಮುಖ ನೋಡಿದ. "ಹಂಗ ಅದಾರ ನಮ್ಮ ಸಾವ್ಕಾರ್ರು" ಎಂದ. ಎದ್ದು ಹೋಗುವಾಗ ನನ್ನ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ. "ತಾಯಿ, ಅವರು ನೀರು ಕುಡ್ಯಾಕ ಒಳಗ ಹೋದಾಗೆಲ್ಲ ಕಿಟಿಕ್ಯಾಗ ಕಟ್ ಅಂತ ಕೇಳಸ್ತಿತ್ತು ನಮಗ. ನಾವ್ಯಾರೂ ಅಂದಿಲ್ಲ."

ಅವತ್ತು ನಾನು ಅತ್ತದ್ದು ಆಗಲೇ.

ಅದಾದ ಮೇಲೆ ನಮ್ಮ ಮನೆಯಲ್ಲಿ ಹೊಸ ಅಕ್ಕಿ ಬೇಯಲಿಲ್ಲ. ಬೆರಳಿಗೆ ಅನ್ನ ಅಂಟಿದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಉದುರುದುರಾದ ಹಳೆಯ ಅಕ್ಕಿಯ ಅನ್ನವನ್ನೇ ಉಂಡೆ. ಬಹುಶಃ ಅದಕ್ಕೂ ಈ ಹಲ್ಲಿಗೂ ಸಂಬಂಧವಿಲ್ಲ. ಆದರೆ ಇಷ್ಟು ವರ್ಷ ಗಟ್ಟಿಯಾಗಿದ್ದ, ನೆಲ್ಲು ಕಡಿಯುತ್ತಿದ್ದ ಬಲದವಡೆಯ ಆ ಹಲ್ಲೇ ಈ ವರ್ಷ ಹುಳುಕು ಹಿಡಿದು ಸೀಳಿತು. ಮಗ ಮಿಲ್ಲಿಗೆ ತೇವ ನೋಡುವ ಮೆಷಿನ್ನು ತಂದಿದ್ದಾನೆ. ಬಟ್ಟಲಿಗೆ ಕಾಳು ಸುರಿದರೆ ಮುಳ್ಳು ತಿರುಗಿ ತೋರಿಸುತ್ತದೆ. ಈಗ ನೀರು ಕುಡಿಯಲು ಯಾರೂ ಒಳಗೆ ಬರುವುದಿಲ್ಲ.

"ಬರ್ರಿ ಅಮ್ಮ, ಜೋಮು ಹಿಡೀತೇನು?" ಡಾಕ್ಟರು ಬಾಗಿಲಿಗೆ ಬಂದು ಕರೆದರು.

ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಪುಡಿ ಯಾವುದರದು ಎಂದು ಕೇಳಿದೆ. ತೊದಲುತ್ತಿದ್ದೆ, ಆದರೂ ತಿಳಿಯಿತು. ಅವರು ನನ್ನ ಹಣೆಯ ವಿಭೂತಿ ನೋಡಿ ನಕ್ಕರು. ಪ್ರಾಣಿಯದಲ್ಲ, ಸುಣ್ಣದಂಥದ್ದು ಎಂದರು. ಅದು ಎಲುಬಾಗುತ್ತದೆಯೇ ಎಂದೆ.

"ಅದು ಎಲಬಾಗಂಗಿಲ್ಲಮ್ಮ. ಅದು ಬರೇ ಚಪ್ಪರ. ಹೀರೇಕಾಯಿ ಬಳ್ಳಿಗೆ ಹಾಕ್ತೀರಲ್ಲ, ಹಂಗ. ನಿಮ್ಮ ಎಲಬೇ ಅದರ ಮ್ಯಾಲೆ ಹಬ್ಬತದ. ಹಬ್ಬಿದ ಮ್ಯಾಲೆ ಚಪ್ಪರ ತಾನ ಕರಗ್ತದ. ಮೂರ್ನಾಲ್ಕು ತಿಂಗಳು ಅದನ್ನ ಮುಟ್ಟಬಾರ್ದು ಅಷ್ಟ."

ಈ ವಯಸ್ಸಿನಲ್ಲೂ ಹಬ್ಬುತ್ತದೆಯೇ ಎಂದು ಕೇಳಬೇಕೆನ್ನಿಸಿತು. ಹಾಕಿರಿ ಎಂದೆ. ಹಲ್ಲು ಹೊರಗೆ ಬರುವಾಗ ನೋವಾಗಲಿಲ್ಲ, ಕಟ್ ಎಂಬ ಸಪ್ಪಳ ಮಾತ್ರ ಕಿವಿಯೊಳಗೆ ಕೇಳಿಸಿತು. ಒಣಗಿದ ಕಾಳಿನ ಸಪ್ಪಳ. ಕಣ್ಣು ಮುಚ್ಚಿಕೊಂಡಿದ್ದೆ, ಕೆನ್ನೆಯ ಹತ್ತಿರ ಯಾರೋ ಕಿವಿಯಿಟ್ಟ ಹಾಗಾಯಿತು.

ಎರಡು ದಿನ ಮೆತ್ತನೆಯದನ್ನೇ ಉಣ್ಣಬೇಕು, ಎಡಗಡೆಯಿಂದ ಮಾತ್ರ ಎಂದು ಹೇಳಿ ಕಳಿಸಿದರು. ಕಂಪ್ಲಿಯ ಬಸ್ಸಿನಲ್ಲಿ ಬರುವಾಗ ಕೊಯ್ದ ಗದ್ದೆಗಳು ಕಂಡವು. ಮನೆಗೆ ಬಂದಾಗ ಸೊಸೆ ಗಂಜಿ ಕಾಯಿಸಲು ಹೊರಟಿದ್ದಳು. ಬೇಡ ಎಂದು ಸನ್ನೆ ಮಾಡಿ ನಾನೇ ಮಿಲ್ಲಿಗೆ ಹೋದೆ. ಮಗ ಮೆಷಿನ್ನಿನ ಮುಂದೆ ಇದ್ದ, ಹೊಸ ಅಕ್ಕಿ ಬೆಚ್ಚಗೆ ಬಿದ್ದಿತ್ತು. ಒಂದು ಸೇರು ಸೆರಗಿಗೆ ಸುರಿದುಕೊಂಡೆ.

ನೀರು ಹೆಚ್ಚಿಟ್ಟು ಮೆತ್ತಗೆ ಬೇಯಿಸಿದೆ. ಮನೆಯೆಲ್ಲ ಅದರ ವಾಸನೆ ತುಂಬಿತು. ತಟ್ಟೆಗೆ ಹಾಕಿಕೊಂಡು ಮೊದಲ ತುತ್ತನ್ನು ಬೆರಳಲ್ಲಿ ನಾದಿದೆ, ಕೈ ತಾನಾಗಿಯೇ ನಾದಿತು. ಅಂಟಿತ್ತು. ನೀಲಮ್ಮನ ನೆನಪಾಗಿ ಸ್ವಲ್ಪ ಉಪ್ಪಿನಕಾಯಿ ಹಾಕಿಕೊಂಡೆ, ಖಾರ ಬೇಡ ಎಂದು ಡಾಕ್ಟರು ಹೇಳಿದ್ದರೂ. ತುತ್ತನ್ನು ಎಡಗಡೆಗೆ ಇಟ್ಟು ನಿಧಾನಕ್ಕೆ ಉಂಡೆ. ಬಲಗಡೆಯದನ್ನು ಮುಟ್ಟಲಿಲ್ಲ. ಹಬ್ಬುವುದಿದ್ದರೆ ಹಬ್ಬಲಿ ಎಂದು ಬಿಟ್ಟೆ.